ಮರಳ ಮಾತು: ಕಾಲಡಿಯ ಕಪ್ಪು ಚಾಪೆ

ಕಳೆದ ವರ್ಷ ಈ ಅಂಕಣದಲ್ಲಿ ಖರ್ಜೂರದ ಮರದ ಬಗ್ಗೆ ಬರೆದಾಗ ಹಲವರು ಫೋನ್ ಮಾಡಿ ಮೆಚ್ಚಿಕೊಂಡಿದ್ದಿರಿ. ಈ ಸಲದ ವಿಷಯ ಅಷ್ಟು ಸಿಹಿಯಾದದ್ದಲ್ಲ. ಕೊಳೆತ ಮೊಟ್ಟೆಯ ವಾಸನೆಯಿಂದ ಶುರುವಾಗುತ್ತದೆ. ಊಟದ ಹೊತ್ತಿಗೆ ಸಂಚಿಕೆ ತೆರೆದವರು ಕ್ಷಮಿಸಬೇಕು.

ನಾನು ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿರುವವನು. ಕಟ್ಟಡ ಏಳುವ ಮೊದಲು ನೆಲಕ್ಕೆ ತೂತು ಕೊರೆದು ಮಣ್ಣು ತೆಗೆದು ನೋಡುವುದು ನಮ್ಮ ಕಸುಬು. ಎರಡು ವರ್ಷದ ಹಿಂದೆ ಅಬುಧಾಬಿಯ ಹೊರವಲಯದ ಒಂದು ಸೈಟಿಗೆ ಹೋಗಿದ್ದೆ. ಫೌಂಡೇಶನ್ ಗುಂಡಿ ತೆಗೆದಾಗಿತ್ತು, ಡೀವಾಟರಿಂಗ್ ಪಂಪುಗಳು ಹಗಲು ರಾತ್ರಿ ಉಪ್ಪುನೀರು ಎತ್ತಿ ಹಾಕುತ್ತಿದ್ದವು. ಗುಂಡಿಯ ಗೋಡೆಯಲ್ಲಿ, ಬೂದು ಮರಳಿನ ನಡುವೆ, ಗೇಣುದ್ದದ ಒಂದು ಕಪ್ಪು ಪಟ್ಟಿ. ಯಾರೋ ಅಳತೆ ಹಿಡಿದು ಬಣ್ಣ ಬಳಿದಂತೆ ನಾಲ್ಕೂ ಕಡೆ ಒಂದೇ ಮಟ್ಟದಲ್ಲಿತ್ತು. ವಾಸನೆ ಬರುತ್ತಿದ್ದದ್ದು ಅಲ್ಲಿಂದಲೇ.

ಬಿಹಾರದ ಹೆಲ್ಪರ್ ಹುಡುಗ ಮೂಗು ಮುಚ್ಚಿಕೊಂಡು ಡ್ರೈನೇಜ್ ಪೈಪು ಒಡೆದಿದೆ ಎಂದ. ಫೋರ್‌ಮನ್ನನೂ ಹಾಗೆಯೇ ತಿಳಿದು ಯಾರು ಯಾರಿಗೋ ಫೋನ್ ಮಾಡಿದ. ಆದರೆ ಆ ಜಾಗದಲ್ಲಿ ಯಾವ ಕಾಲಕ್ಕೂ ಡ್ರೈನೇಜ್ ಇರಲಿಲ್ಲ, ಮನೆಯೂ ಇರಲಿಲ್ಲ. ಬರೀ ಸಬ್ಖಾ. ಇಲ್ಲಿರುವವರಿಗೆಲ್ಲ ಗೊತ್ತಿರುವ ಉಪ್ಪಿನ ಬಯಲು. ಮೇಲೆ ಗಟ್ಟಿಯಾಗಿ ಕಾಣುತ್ತದೆ, ಗಾಡಿ ಇಳಿಸಿದರೆ ಚಕ್ರ ಮುಳುಗುತ್ತದೆ. ನಮ್ಮ ಲಾಗ್ ಶೀಟಿನಲ್ಲಿ ಇಂಥ ಪಟ್ಟಿ ಸಿಕ್ಕಾಗಲೆಲ್ಲ 'ಕಪ್ಪು ಸಾವಯವ ಮಣ್ಣು' ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತೇವೆ. ಅವತ್ತು ಒಬ್ಬ ಹಿರಿಯ ಜಿಯಾಲಜಿಸ್ಟ್ ಸೈಟಿನಲ್ಲಿದ್ದರು. ಅವರು ಒಂದು ತುಂಡು ಕಿತ್ತು ಅಂಗೈಯಲ್ಲಿ ಬಿಡಿಸಿ ತೋರಿಸಿದರು. ಒಳಗೆ ಚಿರೋಟಿಯ ಹಾಗೆ ಪದರ ಪದರ. "ಇದು ಚಾಪೆ. ಬ್ಯಾಕ್ಟೀರಿಯಾ ನೇಯ್ದದ್ದು. ಸಾವಿರಾರು ವರ್ಷದ ಹಿಂದೆ ಸಮುದ್ರದ ಅಂಚು ಇಲ್ಲಿತ್ತು," ಎಂದರು. ಆಗ ಹತ್ತಿದ ಹುಚ್ಚು ಇದು.

ಮುಂದೆ ಹೋಗುವ ಮೊದಲು ಒಂದು ಕೆಲಸದ ಮಾತು. ಆ ವಾಸನೆ ಹೈಡ್ರೋಜನ್ ಸಲ್ಫೈಡ್, ಅಂದರೆ ಆಯಿಲ್ ಫೀಲ್ಡಿನಲ್ಲಿರುವ ನಮ್ಮವರು ಟ್ರೈನಿಂಗ್ ಕಾರ್ಡ್ ಮಾಡಿಸಿಕೊಳ್ಳುವ ಅದೇ ಎಚ್‌ಟುಎಸ್. ಗಾಳಿಗಿಂತ ಭಾರ, ಗುಂಡಿಯ ತಳದಲ್ಲಿ ನಿಲ್ಲುತ್ತದೆ. ಸ್ವಲ್ಪವೇ ಇದ್ದಾಗ ಮೂಗಿಗೆ ಜೋರಾಗಿ ಹೊಡೆಯುತ್ತದೆ. ನೂರು ಪಿಪಿಎಂ ಆಸುಪಾಸಿಗೆ ಬಂದರೆ ಕೆಲವೇ ನಿಮಿಷದಲ್ಲಿ ಮೂಗು ಸತ್ತು ಹೋಗುತ್ತದೆ, ವಾಸನೆಯೇ ತಿಳಿಯುವುದಿಲ್ಲ. ಹಾಗಾಗಿ ವಾಸನೆ ನಿಂತಿತು, ಇನ್ನು ಇಳಿಯಬಹುದು ಎಂದು ಯಾರಾದರೂ ಹೇಳಿದರೆ ಇಳಿಯಬೇಡಿ. ಡಿಟೆಕ್ಟರ್ ಕೇಳಿ. ಕಟ್ಟಡ ಕೆಲಸದ ಗುಂಡಿ, ಮ್ಯಾನ್‌ಹೋಲ್‌ಗಳಲ್ಲಿ ಕೆಲಸ ಮಾಡುವ ನಮ್ಮ ಎಷ್ಟೋ ಹುಡುಗರಿಗೆ ಈ ಟ್ರೈನಿಂಗ್ ಯಾರೂ ಕೊಡುವುದಿಲ್ಲ, ಅದಕ್ಕೇ ಇಲ್ಲಿ ಬರೆದೆ.

ಈಗ ಚಾಪೆಗೆ ಬರೋಣ. ಸತ್ತ ಚಾಪೆಯನ್ನು ಗುಂಡಿಯಲ್ಲಿ ಕಂಡ ಮೇಲೆ ಬದುಕಿರುವುದನ್ನು ನೋಡಬೇಕೆನಿಸಿತು. ಅದು ದೂರವೇನಿಲ್ಲ. ಅಬುಧಾಬಿಯಿಂದ ಪಶ್ಚಿಮಕ್ಕೆ ಹೋದರೆ ಕರಾವಳಿಯ ಖೋರ್‌ಗಳಲ್ಲಿ, ಉಬ್ಬರದ ನೀರು ಬಂದು ಹೋಗುವ ಸಮತಟ್ಟು ಜಾಗದಲ್ಲಿ ಮೈಲುಗಟ್ಟಲೆ ಹರಡಿದೆ. ದೂರದಿಂದ ಡಾಂಬರು ಚೆಲ್ಲಿದ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಒಣಗಿದ ಕೆರೆಯಂತೆ ಷಟ್ಕೋನ ಬಿರುಕುಗಳು, ಅಂಚು ಮೇಲಕ್ಕೆ ಮಡಚಿಕೊಂಡ ಹಪ್ಪಳಗಳು. ಇನ್ನೂ ನೀರಿನ ಕಡೆಗೆ ಹೋದರೆ ನಯವಾದ, ರಬ್ಬರಿನಂಥ ಹಾಸು. ದಯವಿಟ್ಟು ಮೇಲೆ ನಡೆಯಬೇಡಿ. ಒಂದು ಬೂಟಿನ ಗುರುತು ಬಹಳ ಕಾಲ ಉಳಿಯುತ್ತದೆ.

ಬ್ಲೇಡಿನಲ್ಲಿ ಒಂದು ತುಂಡು ಕತ್ತರಿಸಿದ ಚಿತ್ರ ನೋಡಿದರೆ ಅದೊಂದು ಅಪಾರ್ಟ್‌ಮೆಂಟು. ಮೇಲಿನ ಮಹಡಿ ಹಸಿರು. ಅಲ್ಲಿರುವುದು ಸಯನೋಬ್ಯಾಕ್ಟೀರಿಯಾ, ನಾವು ಶಾಲೆಯಲ್ಲಿ ನೀಲಿ-ಹಸಿರು ಪಾಚಿ ಎಂದು ಓದಿದ್ದು. ಕೂದಲಿಗಿಂತ ಸಣ್ಣ ಎಳೆಗಳು, ಜಾರಿ ಜಾರಿ ಚಲಿಸುತ್ತವೆ, ಹಲಸಿನ ಮೇಣದಂಥ ಅಂಟು ಸುರಿಸುತ್ತವೆ. ಬಿಸಿಲಿನಲ್ಲಿ ಆಹಾರ ಮಾಡಿಕೊಂಡು ಆಮ್ಲಜನಕ ಬಿಡುತ್ತವೆ. ಅದರ ಕೆಳಗಿನ ಮಹಡಿ ನೇರಳೆ. ಇವರಿಗೂ ಬೆಳಕು ಬೇಕು, ಆದರೆ ಆಮ್ಲಜನಕ ಬಿಡುವುದಿಲ್ಲ; ಕೆಳಗಿನಿಂದ ಬರುವ ಗಂಧಕದ ಅನಿಲವನ್ನು ಬಳಸಿಕೊಂಡು ಬದುಕುತ್ತಾರೆ. ಅದಕ್ಕೂ ಕೆಳಗೆ ಕತ್ತಲೆ, ಕಪ್ಪು ಕೆಸರು. ಆಮ್ಲಜನಕ ಒಂದು ಹನಿಯೂ ಇಲ್ಲ. ಅಲ್ಲಿನ ಬ್ಯಾಕ್ಟೀರಿಯಾ ಸಮುದ್ರದ ನೀರಿನಲ್ಲಿ ಧಾರಾಳವಾಗಿರುವ ಸಲ್ಫೇಟನ್ನೇ ಉಸಿರಾಡುತ್ತದೆ. ನಾವು ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ ಅದು ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ. ಆ ಅನಿಲ ಮಣ್ಣಿನ ಕಬ್ಬಿಣದ ಜೊತೆ ಸೇರಿ ಕಪ್ಪು ಬಣ್ಣವಾಗುತ್ತದೆ. ಮೇಲಿನ ಮಹಡಿಯಿಂದ ಕೆಳಗಿನ ಕತ್ತಲೆಗೆ ಇರುವ ದೂರ ಕೆಲವೇ ಮಿಲಿಮೀಟರು. ರಾತ್ರಿ ಬಿಸಿಲು ಹೋದ ಮೇಲೆ ಆಮ್ಲಜನಕ ಮಾಡುವವರಿಲ್ಲದೆ ಚಾಪೆಯೊಳಗೆ ತುದಿಯವರೆಗೂ ಉಸಿರುಗಟ್ಟುತ್ತದೆ, ಬೆಳಗಾದರೆ ಮತ್ತೆ ತೆರೆದುಕೊಳ್ಳುತ್ತದೆ. ದಿನಾ ಹೀಗೆ.

ಉಬ್ಬರದ ನೀರು ತಂದ ನುಣ್ಣನೆಯ ಕೆಸರು ಮೇಲೆ ಕೂತರೆ ಬೆಳಕು ಮುಚ್ಚಿಹೋಗುತ್ತದೆ. ಆಗ ಹಸಿರು ಎಳೆಗಳು ಕೆಸರನ್ನು ತೂರಿ ಮೇಲೆ ಬಂದು ಹೊಸ ಹಾಸು ನೇಯುತ್ತವೆ, ಹಳೆಯದು ಕೆಳಗೆ ಉಳಿಯುತ್ತದೆ. ಪದರದ ಮೇಲೆ ಪದರ ಬೀಳುವುದು ಹೀಗೆ. ಅದು ಗಟ್ಟಿಯಾಗಿ ಕಲ್ಲಾದರೆ ಅದಕ್ಕೆ ಸ್ಟ್ರೋಮ್ಯಾಟೊಲೈಟ್ ಎಂದು ಹೆಸರು.

ಹಾಗಾದರೆ ಪ್ರಪಂಚದ ಎಲ್ಲ ಸಮುದ್ರತೀರದಲ್ಲೂ ಇಂಥ ಚಾಪೆ ಯಾಕಿಲ್ಲ? ಮಲ್ಪೆಯಲ್ಲೋ ಕಾರವಾರದಲ್ಲೋ ಯಾಕೆ ಕಾಣುವುದಿಲ್ಲ? ಉತ್ತರ ಸರಳ: ತಿಂದುಬಿಡುತ್ತಾರೆ. ಸಮುದ್ರದ ಬಸವನಹುಳು, ಏಡಿ, ಮಣ್ಣು ಕೊರೆಯುವ ಹುಳ, ಇವಕ್ಕೆಲ್ಲ ಇದು ಮೃಷ್ಟಾನ್ನ. ತಿನ್ನದಿದ್ದರೂ ಕೊರೆದು ಕಲಸಿ ಪದರ ಹಾಳುಮಾಡುತ್ತವೆ. ಚಾಪೆ ಉಳಿಯಬೇಕಾದರೆ ಈ ಪ್ರಾಣಿಗಳು ಬರಲಾರದ ಜಾಗ ಬೇಕು. ಅಂಥ ಜಾಗ ಮುಖ್ಯವಾಗಿ ಎರಡು. ಒಂದು, ಉಪ್ಪು ವಿಪರೀತ ಇರುವಲ್ಲಿ. ಸಾಮಾನ್ಯ ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಈ ಗಲ್ಫ್‌ನಲ್ಲಿ 40 ದಾಟುತ್ತದೆ, ಒಳಗಿನ ಖೋರ್‌ಗಳಲ್ಲಿ 60 ಕೂಡ ಮೀರುತ್ತದೆ. ಇನ್ನೊಂದು, ಆಮ್ಲಜನಕವೇ ಇಲ್ಲದ ಸಮುದ್ರದ ತಳ.

ಎರಡನೆಯದನ್ನು ನೋಡಲು ನಾವು ಸ್ವಲ್ಪ ದೂರ ಹೋಗಬೇಕು, ದಕ್ಷಿಣ ಅಮೆರಿಕದ ಚಿಲಿ, ಪೆರು ದೇಶಗಳ ಕಡಲಿಗೆ. ಅಲ್ಲಿ ತಳದ ನೀರಿನಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಮೀನುಗಾರರ ಬಲೆಗೆ ನಾರಿನಂಥ ಲೋಳೆ ಸಿಕ್ಕಿಕೊಂಡು ಬರುತ್ತಿತ್ತು. ಅವರು ಅದನ್ನು 'ಎಸ್ತೋಪ' ಎನ್ನುತ್ತಿದ್ದರು, ಚಿಂದಿ ನಾರು ಎಂಬರ್ಥ. ಬೈದುಕೊಂಡು ಬಿಸಾಡುತ್ತಿದ್ದರು. 1977ರಲ್ಲಿ ಚಿಲಿಯ ವಿಜ್ಞಾನಿ ವಿಕ್ಟರ್ ಗಲ್ಯಾರ್ಡೋ ಅದು ಬ್ಯಾಕ್ಟೀರಿಯಾದ ಚಾಪೆ ಎಂದು ಪ್ರಕಟಿಸಿದರು. ಅದರ ಹೆಸರು ಥಯೊಪ್ಲೋಕ. ಬೆಳಕು ತಲುಪದ ಆಳದಲ್ಲಿ ಹಸಿರು ಮಹಡಿಗೆ ಕೆಲಸವಿಲ್ಲ. ಇಲ್ಲಿ ಬದುಕು ನಡೆಯುವುದು ಗಂಧಕದ ಮೇಲೆ. ಬರೀ ಗಂಧಕದ ಅನಿಲವನ್ನು ಸುಟ್ಟು ಶಕ್ತಿ ಪಡೆಯುವ ಜೀವಿಗಳಿವೆ ಎಂದು ರಷ್ಯಾದ ಸೆರ್ಗೆಯ್ ವಿನೊಗ್ರಾಡ್‌ಸ್ಕಿ 1887ರಲ್ಲೇ ತೋರಿಸಿದ್ದರು.

ಥಯೊಪ್ಲೋಕದ ಕಷ್ಟ ಕೇಳಿದರೆ ನಮ್ಮದೇ ಕಥೆ ಅನಿಸುತ್ತದೆ. ಅದಕ್ಕೆ ಬೇಕಾದ ಗಂಧಕದ ಅನಿಲ ಇರುವುದು ಕೆಸರಿನೊಳಗೆ. ಅದನ್ನು ಸುಡಲು ಆಮ್ಲಜನಕದ ಬದಲಿಗೆ ಬಳಸುವ ನೈಟ್ರೇಟ್ ಇರುವುದು ಮೇಲಿನ ನೀರಿನಲ್ಲಿ. ಎರಡೂ ಒಂದೇ ಕಡೆ ಸಿಗುವುದಿಲ್ಲ. ಹಾಗಾಗಿ ಕೆಸರಿನಿಂದ ಮೇಲೆ ಬಂದು ಮೈಯೊಳಗಿನ ಚೀಲದಲ್ಲಿ ನೈಟ್ರೇಟ್ ತುಂಬಿಕೊಂಡು ಮತ್ತೆ ಕೆಳಗಿಳಿಯುತ್ತದೆ. ಸಂಪಾದನೆ ಒಂದು ಕಡೆ, ಮನೆ ಇನ್ನೊಂದು ಕಡೆ. ಆಫ್ರಿಕದ ನಮೀಬಿಯ ತೀರದಲ್ಲಿ ಇದರ ನೆಂಟನೊಬ್ಬನಿದ್ದಾನೆ, ಥಯೊಮಾರ್ಗರೀಟ. ಅದು ಎಲ್ಲಿಗೂ ಹೋಗುವುದಿಲ್ಲ, ಸಿಕ್ಕಾಗ ತುಂಬಿಟ್ಟುಕೊಂಡು ಕಾಯುತ್ತದೆ. ಮುಕ್ಕಾಲು ಮಿಲಿಮೀಟರಿನವರೆಗೆ ಬೆಳೆಯುತ್ತದೆ. ಬ್ಯಾಕ್ಟೀರಿಯಾ ಬರಿಗಣ್ಣಿಗೆ ಕಾಣುವುದೆಂದರೆ ಸಣ್ಣ ಮಾತಲ್ಲ. 1999ರಲ್ಲಿ ಇದರ ವಿಷಯ ಪ್ರಕಟಿಸಿದ ಹೈಡೆ ಶುಲ್ಟ್ಸ್, 2005ರಲ್ಲಿ ಇನ್ನೊಂದು ಸಂಗತಿ ಹೇಳಿದರು. ಈ ಬ್ಯಾಕ್ಟೀರಿಯಾ ಫಾಸ್ಫೇಟನ್ನೂ ಕೂಡಿಟ್ಟು, ಆಮ್ಲಜನಕ ಪೂರಾ ಹೋದಾಗ ಕೆಸರಿಗೆ ಬಿಡುತ್ತದೆ; ಅಲ್ಲಿ ಅದು ಖನಿಜವಾಗಿ ಗಟ್ಟಿಯಾಗುತ್ತದೆ.

ಇದು ಯಾಕೆ ಮುಖ್ಯ ಎಂದರೆ ಫಾಸ್ಫೇಟ್ ಕಲ್ಲು ಹುಟ್ಟುವುದು ಇಂಥ ಕಡಲುಗಳಲ್ಲಿ. ಪ್ರಾಚೀನ ಕಾಲದ ದೊಡ್ಡ ಫಾಸ್ಫೇಟ್ ನಿಕ್ಷೇಪಗಳ ಹಿಂದೆಯೂ ಇಂಥ ಬ್ಯಾಕ್ಟೀರಿಯಾದ ಕೈ ಇದ್ದಿರಬೇಕು ಎಂದು ಹಲವು ಭೂವಿಜ್ಞಾನಿಗಳು ಎಣಿಸುತ್ತಾರೆ. ಮೊರಾಕ್ಕೊದಿಂದ ಜೋರ್ಡಾನ್, ಉತ್ತರ ಸೌದಿಯವರೆಗೆ ಹಳೆಯ ಟೆಥಿಸ್ ಸಮುದ್ರದ ಅಂಚಿನಲ್ಲಿ ಆ ಕಲ್ಲಿನ ಸಾಲೇ ಇದೆ. ಉತ್ತರ ಸೌದಿಯಲ್ಲಿ ಅಗೆದ ಕಲ್ಲು ರೈಲಿನಲ್ಲಿ ರಾಸ್ ಅಲ್ ಖೈರ್‌ಗೆ ಬಂದು ಗೊಬ್ಬರವಾಗುತ್ತದೆ. ಭಾರತ ಆಮದು ಮಾಡುವ ಡಿಎಪಿಯಲ್ಲಿ ದೊಡ್ಡ ಪಾಲು ಸೌದಿಯದು. ಹಾವೇರಿಯಲ್ಲೋ ರಾಯಚೂರಿನಲ್ಲೋ ನಿಮ್ಮ ಅಪ್ಪ ಡಿಎಪಿ ಚೀಲಕ್ಕೆ ಸೊಸೈಟಿ ಮುಂದೆ ಸರದಿ ನಿಂತಿದ್ದರೆ, ಆ ಚೀಲದೊಳಗಿನದು ಯಾವತ್ತೋ ಉಸಿರುಕಟ್ಟಿದ ಒಂದು ಕಡಲಿನ ತಳದ್ದು ಎಂದು ಫೋನಿನಲ್ಲಿ ಹೇಳಿ ನೋಡಿ. ನಾನು ಹೇಳಿದೆ. "ರೇಟು ಯಾವಾಗ ಇಳಿಯುತ್ತೆ ಅದನ್ನು ಹೇಳು," ಎಂದರು.

ಮರಳಿ ನಮ್ಮ ಸಬ್ಖಾಕ್ಕೆ. ಇಪ್ಪತ್ತು ಸಾವಿರ ವರ್ಷದ ಹಿಂದೆ ಹಿಮಯುಗದಲ್ಲಿ ಸಮುದ್ರದ ಮಟ್ಟ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಗಲ್ಫ್‌ನ ಸರಾಸರಿ ಆಳವೇ 35 ಮೀಟರ್ ಆಸುಪಾಸು; ಹಾಗಾಗಿ ಈ ಕೊಲ್ಲಿ ಆಗ ಕಣಿವೆಯಾಗಿತ್ತು, ನೀರಿರಲಿಲ್ಲ. ಹಿಮ ಕರಗಿದಂತೆ ಹೊರ್ಮುಝ್ ಕಡೆಯಿಂದ ಸಮುದ್ರ ಒಳಗೆ ಬಂತು. ಆರೇಳು ಸಾವಿರ ವರ್ಷದ ಹಿಂದೆ ಈಗಿಗಿಂತ ತುಸು ಮೇಲಕ್ಕೇ ಏರಿ, ಆಮೇಲೆ ಹಿಂದೆ ಸರಿಯಿತು. ಸರಿದ ಹಾಗೆಲ್ಲ ಚಾಪೆಯೂ ನೀರಿನ ಅಂಚನ್ನು ಹಿಂಬಾಲಿಸಿ ಸರಿಯಿತು. ಹಳೆಯದು ಮರಳಿನ ಕೆಳಗೆ ಹೂತುಹೋಯಿತು. ಗುಂಡಿಯಲ್ಲಿ ಕಂಡ ಕಪ್ಪು ಗೆರೆ ಅದು. ಸಮುದ್ರ ಇಲ್ಲಿಯವರೆಗೆ ಬಂದಿತ್ತು ಎಂಬ ಸರ್ವೆ ಕಲ್ಲು.

ಇದನ್ನು ಮೊದಲು ಸರಿಯಾಗಿ ಓದಿದವರು ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು. 1962ರಲ್ಲಿ ದಾಸ್ ದ್ವೀಪದಿಂದ ಅಬುಧಾಬಿಯ ಮೊದಲ ಕಚ್ಚಾತೈಲದ ಹಡಗು ಹೊರಟಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಡಗ್ಲಸ್ ಶಿಯರ್‌ಮನ್, ಗ್ರಹಾಂ ಇವಾನ್ಸ್ ಮತ್ತು ಅವರ ವಿದ್ಯಾರ್ಥಿಗಳು ಈ ಉಪ್ಪಿನ ಬಯಲಿನಲ್ಲಿ ಗುಂಡಿ ತೋಡುತ್ತಿದ್ದರು. ಏಸಿ ಇಲ್ಲ, ರಸ್ತೆ ಇಲ್ಲ. ಅವರಿಗೆ ಚಾಪೆಯ ಕೆಳಗೂ ಮೇಲೂ ಸಿಕ್ಕಿದ್ದು ಜಿಪ್ಸಮ್, ಅನ್‌ಹೈಡ್ರೈಟ್, ಡಾಲಮೈಟ್. 1963ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಭೂವಿಜ್ಞಾನಿಗಳು ಕುರ್ಚಿಯಿಂದ ಎದ್ದು ಕೂತರು, ಯಾಕೆಂದರೆ ಅನ್‌ಹೈಡ್ರೈಟನ್ನು ಅವರು ಅದುವರೆಗೆ ನೋಡಿದ್ದು ಕೋಟಿಗಟ್ಟಲೆ ವರ್ಷ ಹಳೆಯ ಬಂಡೆಗಳಲ್ಲಿ. ಅದು ಇವತ್ತು, ಕಣ್ಣೆದುರಿಗೆ, ಕಾಲಿನ ಕೆಳಗೆ ಹುಟ್ಟುತ್ತಿದೆ ಎಂದು ತಿಳಿದದ್ದು ಇಲ್ಲಿ.

ಅನ್‌ಹೈಡ್ರೈಟಿನ ಮಹತ್ವ ಆಯಿಲ್ ಕಂಪನಿಯವರಿಗೆ ಹೇಳಬೇಕಾಗಿಲ್ಲ. ತೈಲಕ್ಕೆ ಮೂರು ಬೇಕು: ಬೇಯುವ ಸಾಮಾನು, ತುಂಬಿಡುವ ಪಾತ್ರೆ, ಮೇಲೊಂದು ಮುಚ್ಚಳ. ಸೌದಿಯ ದೊಡ್ಡ ನಿಕ್ಷೇಪಗಳ ಮೇಲಿನ ಮುಚ್ಚಳ ಅನ್‌ಹೈಡ್ರೈಟ್. ಹಿತ್ ಎಂಬ ಪದರ ಅದು. ರಿಯಾದ್‌ನಲ್ಲಿರುವವರು ರಜೆಯ ದಿನ ನೋಡಲು ಹೋಗುವ ಐನ್ ಹಿತ್ ಗುಹೆಯಲ್ಲಿ ಅದೇ ಪದರ ಹೊರಗೆ ಕಾಣುತ್ತದೆ, ಹೆಸರು ಬಂದದ್ದೂ ಅಲ್ಲಿಂದ. ಪಾತ್ರೆ ಎಂದರೆ ಸಣ್ಣ ತೂತುಗಳಿರುವ ಸುಣ್ಣದಕಲ್ಲು, ಡಾಲಮೈಟು. ಇನ್ನು ಬೇಯುವ ಸಾಮಾನು ಜುರಾಸಿಕ್ ಕಾಲದ ಒಂದು ಕಡಲಿನ ತಳದ ಕೆಸರು. ಡೈನೋಸಾರ್ ಕರಗಿ ಪೆಟ್ರೋಲ್ ಆಯಿತು ಎಂದು ಇನ್ನೂ ಹೇಳುವವರಿದ್ದಾರೆ, ಅದು ಸುಳ್ಳು. ಸೂಕ್ಷ್ಮಜೀವಿಗಳು ಸತ್ತು ತಳಕ್ಕೆ ಬಿದ್ದವು. ಅಲ್ಲಿ ಆಮ್ಲಜನಕ ಸಾಕಷ್ಟಿದ್ದರೆ ಇತರ ಜೀವಿಗಳು ತಿಂದು ಮುಗಿಸುತ್ತಿದ್ದವು, ನಮಗೆ ಇಲ್ಲಿ ಕೆಲಸವೂ ಇರುತ್ತಿರಲಿಲ್ಲ.

ಓಮಾನಿನಲ್ಲಿ ಚಾಪೆಗಳಿಗೆ ಇನ್ನೂ ನೇರವಾದ ಪಾತ್ರವಿದೆ. ದಕ್ಷಿಣ ಓಮಾನಿನ ತೈಲದ ಬಹುಪಾಲು ಹುಕ್ಫ್ ಎಂಬ ಹಳೆಯ ಶಿಲಾವರ್ಗದ್ದು. ವಯಸ್ಸು ಸುಮಾರು 54 ಕೋಟಿ ವರ್ಷ ಮತ್ತು ಅದಕ್ಕೂ ಹಿಂದೆ. ಮೀನಿಲ್ಲ, ಮೇಯುವ ಹುಳಗಳಿನ್ನೂ ಆಗತಾನೇ ಬರುತ್ತಿದ್ದ ಕಾಲ. ಸಮುದ್ರದ ತಳವೆಲ್ಲ ಚಾಪೆಯೇ. ತೈಲ ತುಂಬಿರುವ ಅಲ್ಲಿನ ಕೆಲವು ಬಂಡೆಗಳು ಕೂಡ ಬ್ಯಾಕ್ಟೀರಿಯಾ ಕಟ್ಟಿದವು. ಪ್ರಪಂಚದಲ್ಲಿ ವ್ಯಾಪಾರಕ್ಕೆ ಸಿಗುವ ಅತಿ ಹಳೆಯ ತೈಲಗಳಲ್ಲಿ ಅದೊಂದು.

ಡಾಲಮೈಟಿನ ವಿಷಯ ಒಂದು ಮಾತು ಹೇಳಲೇಬೇಕು. ಹಳೆಯ ಬಂಡೆಗಳಲ್ಲಿ ಈ ಖನಿಜ ಬೆಟ್ಟಗಟ್ಟಲೆ ಇದೆ, ಇಂದಿನ ಸಮುದ್ರದಲ್ಲಿ ಹೆಚ್ಚುಕಡಿಮೆ ಹುಟ್ಟುವುದೇ ಇಲ್ಲ. ಲ್ಯಾಬಿನಲ್ಲಿ ಸಾಮಾನ್ಯ ಉಷ್ಣತೆಯಲ್ಲಿ ಮಾಡಲು ಹೋಗಿ ಸೋತವರು ಬಹಳ. 1995ರಲ್ಲಿ ಕ್ರಿಸೋಗೊನೊ ವಾಸ್ಕೊನ್ಸೆಲೋಸ್ ಮತ್ತು ಜುಡಿತ್ ಮೆಕೆಂಜಿ ತಂಡ, ಬ್ರೆಜಿಲ್‌ನ ಒಂದು ಉಪ್ಪು ಹಿನ್ನೀರಿನ ಕಪ್ಪು ಕೆಸರಿನಿಂದ ಸಲ್ಫೇಟ್ ಉಸಿರಾಡುವ ಬ್ಯಾಕ್ಟೀರಿಯಾವನ್ನು ತಂದು ಬೆಳೆಸಿ, ಅದರ ಸಹಾಯದಿಂದ ಡಾಲಮೈಟ್ ಹುಟ್ಟಿಸಿ ತೋರಿಸಿತು. ಅಬುಧಾಬಿಯ ಚಾಪೆಯಲ್ಲಿ ಆಮೇಲೆ ನಡೆದ ಅಧ್ಯಯನದಲ್ಲಿ ಆ ಅಂಟಿಗೇ ಈ ಗುಣವಿದೆ ಎಂದು ಕಂಡಿತು. ಬ್ಯಾಕ್ಟೀರಿಯಾ ಸತ್ತ ಮೇಲೂ ಅಂಟು ಕೆಲಸ ಮಾಡುತ್ತದೆ. ನಾವು ಲಾಗ್ ಶೀಟಿನಲ್ಲಿ ಒಂದು ಸಾಲಿನಲ್ಲಿ ಮುಗಿಸುವ ವಸ್ತು ಇದು.

ಊರಿನ ಕಡೆಗೂ ಒಂದು ಕಣ್ಣು ಹಾಯಿಸೋಣ. ತುಮಕೂರಿನ ದೊಡ್ಡಗುಣಿ, ಶಿವಮೊಗ್ಗದ ಕುಂಸಿ, ಚಿತ್ರದುರ್ಗದ ಕೆಲವು ಕಡೆ ಸುಣ್ಣದಕಲ್ಲು ಮತ್ತು ಡಾಲಮೈಟ್‌ಗಳಲ್ಲಿ ಸ್ಟ್ರೋಮ್ಯಾಟೊಲೈಟ್‌ಗಳಿವೆ. ಧಾರವಾಡ ಶಿಲಾವರ್ಗದ ಬಂಡೆಗಳು ಅವು, ಸುಮಾರು 260 ಕೋಟಿ ವರ್ಷದವು. ಬಾಗಲಕೋಟೆಯ ಕಲಾದಗಿ ಬಂಡೆಗಳಲ್ಲೂ ಇವೆ, ವಯಸ್ಸಿನಲ್ಲಿ ಅವು ಕಿರಿಯವು. ಬೆಟ್ಟದ ಬುಡದಲ್ಲಿ ಎಮ್ಮೆ ಕಟ್ಟುವ ಕಲ್ಲಿನಲ್ಲಿ ಅಲೆ ಅಲೆಯಾದ ಗೆರೆ ಕಂಡರೆ ಒಂದು ಕ್ಷಣ ನಿಂತು ನೋಡಿ. ಆ ಕಾಲಕ್ಕೆ ಗಾಳಿಯಲ್ಲಿ ಆಮ್ಲಜನಕವೇ ಇಲ್ಲ. ಇಡೀ ಸಮುದ್ರ ಉಸಿರಿಲ್ಲದ್ದು, ಅದರಲ್ಲಿ ಕಬ್ಬಿಣ ಕರಗಿಕೊಂಡಿತ್ತು. ಸಂಡೂರು, ಕುದುರೆಮುಖದ ಅದಿರು ಅಂಥ ಸಮುದ್ರದ ತಳಕ್ಕೆ ಕೂತದ್ದು. ಚಾಪೆಯ ಹಸಿರು ಮಹಡಿಯವರು ಬಿಟ್ಟ ಆಮ್ಲಜನಕ ಗಾಳಿಯಲ್ಲಿ ಸೇರಿ ನಿಲ್ಲತೊಡಗಿದ್ದು ಸುಮಾರು 240 ಕೋಟಿ ವರ್ಷದ ಹಿಂದೆ. ಉಸಿರಿಲ್ಲದ ಲೋಕದಲ್ಲಿ ಹುಟ್ಟಿ ಉಸಿರನ್ನು ಮಾಡಿದವರು, ಆಮೇಲೆ ಆ ಉಸಿರಿನಿಂದ ಹುಟ್ಟಿದ ಹುಳಗಳಿಗೇ ಆಹಾರವಾಗಿ ಮೂಲೆ ಸೇರಿದರು.

ಆ ಮೂಲೆಗಳು ಈಗ ಮತ್ತೆ ದೊಡ್ಡದಾಗುತ್ತಿವೆ. ನಾನು ಈ ವರ್ಷ ಈ ವಿಷಯ ಎತ್ತಿಕೊಂಡದ್ದಕ್ಕೆ ನಿಜವಾದ ಕಾರಣ ಅದು. ನಾವು ವಿಮಾನದಲ್ಲಿ ಮೂರು ಗಂಟೆಯಲ್ಲಿ ದಾಟುವ ಅರಬ್ಬೀ ಸಮುದ್ರದ ಕೆಳಗೆ, ಸುಮಾರು 150 ಮೀಟರಿನಿಂದ ಸಾವಿರ ಮೀಟರಿನವರೆಗೆ, ಆಮ್ಲಜನಕ ಬಹಳ ಕಡಿಮೆಯಿರುವ ನೀರಿನ ದಪ್ಪ ಪದರವಿದೆ. ಅದರ ಕೇಂದ್ರದಲ್ಲಿ ಮೇಲ್ಮೈ ನೀರಿನ ನೂರರಲ್ಲೊಂದು ಪಾಲೂ ಇಲ್ಲ. ಮುಂಗಾರಿನ ಗಾಳಿ ಓಮಾನ್, ಸೊಮಾಲಿಯಾ ತೀರದಲ್ಲಿ ಆಳದ ಸತ್ವದ ನೀರನ್ನು ಮೇಲೆತ್ತುತ್ತದೆ, ಪಾಚಿ ಹೇರಳವಾಗಿ ಬೆಳೆಯುತ್ತದೆ, ಸತ್ತು ಕೆಳಗಿಳಿದು ಕೊಳೆಯುವಾಗ ಆಮ್ಲಜನಕವನ್ನೆಲ್ಲ ತಿಂದುಹಾಕುತ್ತದೆ. ಉತ್ತರಕ್ಕೆ ನೆಲ ಅಡ್ಡ ಇರುವುದರಿಂದ ಹೊಸ ನೀರು ಬರುವ ದಾರಿಯೂ ಕಿರಿದು. ಪಾಕಿಸ್ತಾನದ ತೀರದಾಚೆ ಈ ಪದರ ತಾಗುವ ತಳದಲ್ಲಿ ಥಯೊಪ್ಲೋಕ ಸಿಕ್ಕಿದೆ. ಕೊರೆಯುವ ಹುಳ ಇಲ್ಲದ್ದರಿಂದ ಅಲ್ಲಿನ ಕೆಸರಿನಲ್ಲಿ ವರ್ಷಕ್ಕೊಂದು ಜೋಡಿ ಗೆರೆ, ಒಂದು ತಿಳಿ, ಒಂದು ಗಾಢ, ಹಾಗೆಯೇ ಉಳಿದಿದೆ. ಜರ್ಮನ್ ವಿಜ್ಞಾನಿಗಳು ಅವನ್ನು ಓದಿ 5000 ವರ್ಷಗಳ ಹವೆಯ ಲೆಕ್ಕವನ್ನು 1999ರಲ್ಲಿ ಪ್ರಕಟಿಸಿದರು.

2018ರಲ್ಲಿ ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯ ಮತ್ತು ಮಸ್ಕತ್‌ನ ಸುಲ್ತಾನ್ ಕಾಬೂಸ್ ವಿಶ್ವವಿದ್ಯಾಲಯದವರು ಓಮಾನ್ ಕೊಲ್ಲಿಗೆ ರೋಬೋಟ್ ದೋಣಿಗಳನ್ನು ಇಳಿಸಿ ಅಳೆದ ವರದಿ ಬಂತು. ಆಮ್ಲಜನಕವಿಲ್ಲದ ನೀರು ಸ್ಕಾಟ್ಲೆಂಡಿಗಿಂತ ದೊಡ್ಡ ಜಾಗದಲ್ಲಿ ಹರಡಿತ್ತು, ಹಿಂದಿನ ಅಳತೆಗಳಿಗಿಂತ ಕೆಟ್ಟ ಸ್ಥಿತಿ. ನಮ್ಮ ಲೆಕ್ಕದಲ್ಲಿ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಇದರಲ್ಲಿ ನಮ್ಮ ಗಲ್ಫ್‌ನ ಪಾತ್ರವೂ ಇದೆ. ಇಲ್ಲಿನ ಉಪ್ಪು ಹೆಚ್ಚಿದ ಭಾರದ ನೀರು ಹೊರ್ಮುಝ್ ದಾಟಿ ಓಮಾನ್ ಕೊಲ್ಲಿಯಲ್ಲಿ 200-300 ಮೀಟರ್ ಆಳಕ್ಕೆ ಇಳಿಯುತ್ತದೆ, ಜೊತೆಗೆ ಆಮ್ಲಜನಕವನ್ನೂ ಒಯ್ಯುತ್ತದೆ. ಬಿಸಿಯಾದ ನೀರು ಹಗುರ, ಆಳಕ್ಕೆ ಇಳಿಯುವುದು ಕಷ್ಟ. ಗಲ್ಫ್ ಬಿಸಿಯಾದಷ್ಟೂ ಆ ಕಡೆಗೆ ಹೋಗುವ ಉಸಿರು ಕಡಿಮೆಯಾಗುತ್ತದೆ ಎಂದು ಕಂಪ್ಯೂಟರ್ ಲೆಕ್ಕಾಚಾರಗಳು ಹೇಳುತ್ತವೆ.

ನಮ್ಮ ಕರಾವಳಿಯೂ ಹೊರತಲ್ಲ. ಮುಂಗಾರು ಮುಗಿಯುತ್ತ ಬಂದಾಗ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಕಡಿಮೆ ಆಮ್ಲಜನಕದ ನೀರು ತಳದಿಂದ ಏರಿ ಪಶ್ಚಿಮ ತೀರದ ಆಳವಿಲ್ಲದ ಕಡಲಿಗೂ ಬರುತ್ತದೆ. ಇದು ಹೆಚ್ಚುತ್ತಿದೆ ಎಂದು ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಾಜಿಹ್ ನಖ್ವಿ ಮತ್ತು ಸಂಗಡಿಗರು 2000ದಲ್ಲೇ ಬರೆದರು. ಹೊಲಗಳಿಂದ ಹರಿದುಬರುವ ಗೊಬ್ಬರದ ನೈಟ್ರೇಟ್ ಒಂದು ಕಾರಣವಿರಬಹುದು ಎಂದೂ ಹೇಳಿದ್ದರು.

ನಮ್ಮ ರೂಮಿನಲ್ಲಿ ಮಲ್ಪೆಯ ಅಣ್ಣ ಒಬ್ಬರಿದ್ದಾರೆ. ಈಗ ಕ್ರೇನ್ ಓಡಿಸುತ್ತಾರೆ, ಮೊದಲು ಟ್ರಾಲ್ ಬೋಟಿನಲ್ಲಿದ್ದವರು. ಇದನ್ನೆಲ್ಲ ಓದಿ ಹೇಳಿದಾಗ ಅವರು, "ನಮಗೆ ಗೊತ್ತಿಲ್ವಾ ಮಾರಾಯ. ಕೆಲವು ವಾರ ಆಳಕ್ಕೆ ಬಲೆ ಬಿಟ್ಟರೆ ಎಂತ ಇಲ್ಲ, ಖಾಲಿ. ದಡದ ಹತ್ತಿರ ಮಾತ್ರ ಮೀನು ಗುಂಪು. ನಮ್ಮ ಅಪ್ಪ ನೀರು ಕೆಟ್ಟಿದೆ ಅಂತ ಇದ್ರು," ಎಂದರು. ಆಮೇಲೆ ನಾನು ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರ ಕಡಲಿನ ಕಥೆ ಹೇಳಿದೆ. ಅಲ್ಲೂ ಸುಮಾರು 590 ಮೀಟರ್ ಆಳದಲ್ಲಿ ಉಸಿರಿಲ್ಲ, ಬ್ಯಾಕ್ಟೀರಿಯಾದ ಚಾಪೆಯಿದೆ, ವರ್ಷ ವರ್ಷದ ಗೆರೆಗಳಿವೆ. ಆ ಗೆರೆಗಳಲ್ಲಿ ಸಿಕ್ಕ ಮೀನಿನ ಹುರುಪೆಗಳನ್ನು ಎಣಿಸಿ, ನಮ್ಮ ಬೂತಾಯಿಯ ನೆಂಟನಾದ ಅಲ್ಲಿನ ಸಾರ್ಡೀನ್ ಸುಮಾರು 1700 ವರ್ಷಗಳಲ್ಲಿ ಎಷ್ಟೋ ಸಲ ತುಂಬಿ ತುಳುಕಿ, ಎಷ್ಟೋ ಸಲ ಕಾಣೆಯಾಗಿದೆ ಎಂದು ಕಂಡುಕೊಂಡಿದ್ದಾರೆ, ದೊಡ್ಡ ಬಲೆ ಬರುವ ಮೊದಲೇ. "ಹಾಗಾದರೆ ಬೂತಾಯಿ ಹೋದದ್ದು ಬೋಟಿನವರ ತಪ್ಪಲ್ಲ ಅಂತಾಯ್ತು," ಎಂದರು ಅಣ್ಣ ಖುಷಿಯಿಂದ. ಹಾಗೇನಿಲ್ಲ ಅಣ್ಣ, ತಾನಾಗಿ ಕಡಿಮೆಯಾಗುವ ಹೊತ್ತಿಗೆ ನಾವು ಉಳಿದದ್ದನ್ನೂ ಬಾಚಿದರೆ ಮತ್ತೆ ತುಂಬಲು ಏನೂ ಇರುವುದಿಲ್ಲ ಎಂದೆ. ಅದಕ್ಕೆ ಅವರು ಉತ್ತರ ಕೊಡಲಿಲ್ಲ, ಟೀ ಇಡಲು ಎದ್ದರು.

ಆ ಸೈಟಿನಲ್ಲಿ ಕಾಂಕ್ರೀಟ್ ಬಿದ್ದು ಈಗ ಹನ್ನೆರಡು ಮಹಡಿ ಎದ್ದಿದೆ. ಸಲ್ಫೇಟ್ ತಡೆಯುವ ಸಿಮೆಂಟು, ಸುತ್ತ ಡಾಂಬರಿನ ಹಾಳೆ ಹಾಕಿ ಕಪ್ಪು ಪಟ್ಟಿಯನ್ನು ಮುಚ್ಚಿದರು. ನನ್ನ ಹತ್ತಿರ ಒಂದು ಬಾಟಲಿ ಮಾತ್ರ ಇದೆ. ಮೇಲೆ ಹೇಳಿದ ವಿನೊಗ್ರಾಡ್‌ಸ್ಕಿಯ ಹೆಸರಿನಲ್ಲಿ ಮಕ್ಕಳಿಗೆ ಮಾಡಿಸುವ ಒಂದು ಪ್ರಯೋಗವಿದೆ. ಇಲ್ಲಿನ ಶಾಲೆಗಳ ಸೈನ್ಸ್ ಎಕ್ಸಿಬಿಷನ್‌ಗೆ ಚೆನ್ನಾಗಿರುತ್ತದೆ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಕಾಲು ಭಾಗ ಕೆಸರಿಗೆ ಹರಿದ ಪೇಪರ್ ಚೂರು, ಒಂದು ಬೇಯಿಸಿದ ಮೊಟ್ಟೆಯ ಹಳದಿ ಕಲಸಿ ಹಾಕಬೇಕು. ಮೇಲೆ ಇನ್ನಷ್ಟು ಬರೀ ಕೆಸರು, ಅದರ ಮೇಲೆ ಅದೇ ಜಾಗದ ನೀರು, ಮೇಲೆ ಎರಡು ಬೆರಳು ಗಾಳಿ. ಮುಚ್ಚಳ ಸಡಿಲವಾಗಿರಲಿ, ಕಿಟಕಿಯ ಬೆಳಕಿನಲ್ಲಿಡಿ, ಏಸಿಯ ಕೆಳಗಲ್ಲ. ಮಕ್ಕಳು ಕೈ ತೊಳೆಯಲಿ. ಕೆಸರನ್ನು ಸಂರಕ್ಷಿತ ಕಾಂಡ್ಲಾ ಕಾಡಿನಿಂದ ತರಬೇಡಿ. ನಾನು ತಂದದ್ದು ನಮ್ಮ ಲ್ಯಾಬಿನಲ್ಲಿ ಬಿಸಾಡಲು ಇಟ್ಟಿದ್ದ ಸ್ಯಾಂಪಲ್ ಮತ್ತು ಮೀನಿನ ಜೆಟ್ಟಿಯ ಹತ್ತಿರದ ಒಂದು ಡಬ್ಬಿ ಕೆಸರು.

ಮೊದಲ ಎರಡು ವಾರ ಏನೂ ಆಗಲಿಲ್ಲ, ವಾಸನೆ ಬಿಟ್ಟು. ಬೆಡ್‌ಸ್ಪೇಸಿನ ರೂಮಿನಲ್ಲಿ ಆರು ಜನ. ಎಲ್ಲರಿಗಿಂತ ಹೆಚ್ಚು ಗೊಣಗಿದವರು ಮಲ್ಪೆಯ ಅಣ್ಣನೇ. "ಮೀನು ಒಣಗಿಸುವ ಜಾಗದಲ್ಲಿ ಹುಟ್ಟಿದವ ನಾನು, ನನಗೇ ತಡೆಯಲಿಕ್ಕೆ ಆಗುವುದಿಲ್ಲ," ಎಂದು ಬಾಟಲಿಯನ್ನು ಬಾಲ್ಕನಿಗೆ ಹಾಕಿದರು. ಒಂದು ತಿಂಗಳಿಗೆ ತಳ ಕಪ್ಪಾಯಿತು, ಮೇಲ್ಗಡೆ ಗೋಡೆಗೆ ಹಸಿರು ಹತ್ತಿತು. ಏಳನೇ ವಾರ ಅವೆರಡರ ನಡುವೆ, ಬೀಟ್‌ರೂಟ್ ರಸದ ಬಣ್ಣದ ಒಂದು ಗೆರೆ ಮೂಡಿತು. ಶುಕ್ರವಾರ ಬೆಳಿಗ್ಗೆ ನಾನು ಎದ್ದಾಗ ಅಣ್ಣ ಬಾಲ್ಕನಿಯಲ್ಲಿ ಕೂತು, ಗೆರೆ ಇಲ್ಲದ ಮಗ್ಗುಲಿಗೂ ಬಿಸಿಲು ಬೀಳಲಿ ಎಂದು ಬಾಟಲಿಯನ್ನು ಮೆಲ್ಲಗೆ ತಿರುಗಿಸಿ ಇಡುತ್ತಿದ್ದರು.